ಕರೆಂಟ್ ಬಿಲ್ಲನ್ನು ಗೆರೆ ಎಳೆದು ನೋಡಿ

ಎಲ್ಲರಿಗೂ ನಮಸ್ಕಾರ. ಮನೆ ಲೆಕ್ಕ ಬರೆದಿಡುವವರಿಗೆ ಒಂದು ಸಲಹೆ. ಕಳೆದ 12 ತಿಂಗಳ ಕರೆಂಟ್ ಬಿಲ್ಲು ತೆಗೆಯಿರಿ. ದುಡ್ಡು ಬೇಡ, ಯೂನಿಟ್ ಬರೆದುಕೊಳ್ಳಿ. ದರ ಬದಲಾಗುತ್ತಾ ಇರುತ್ತದೆ ಅಲ್ವಾ. ಲೆಕ್ಕ ಬರೆಯುವ ಆ್ಯಪ್ ಗೂಗಲ್ ಶೀಟ್ಸ್‌ನಲ್ಲಿ ಒಂದು ಕಾಲಂನಲ್ಲಿ ಮೇಲಿಂದ ಕೆಳಕ್ಕೆ ತಿಂಗಳು, ಪಕ್ಕದ ಕಾಲಂನಲ್ಲಿ ಯೂನಿಟ್ ತುಂಬಿ. ಎರಡನ್ನೂ ಸೆಲೆಕ್ಟ್ ಮಾಡಿ, ಇನ್ಸರ್ಟ್‌ಗೆ ಹೋಗಿ ಚಾರ್ಟ್ ಒತ್ತಿ, ಲೈನ್ ಚಾರ್ಟ್ ಆರಿಸಿ. ನಮ್ಮ ಮನೆಯ ಗೆರೆ ಮಳೆಗಾಲದಲ್ಲಿ ಇಳಿಯಬೇಕಿತ್ತು. ಫ್ಯಾನ್ ನಿಂತಿದ್ದರೂ ಏರಿತ್ತು. ಗೀಸರ್! ಬಿಲ್ಲಿನ ಕಟ್ಟು ಸುಮ್ನೆ ತಿರುವಿ ಹಾಕುವಾಗ ಇದು ಹೊಳೆದೇ ಇರಲಿಲ್ಲ.

1854ರಲ್ಲಿ ಲಂಡನ್‌ಗೆ ಕಾಲರಾ ಬಂದಾಗ ಡಾ. ಜಾನ್ ಸ್ನೋ ಮಾಡಿದ್ದೂ ಇಂಥದ್ದೇ. ಒಂದೊಂದು ಸಾವಿಗೂ ನಕ್ಷೆಯಲ್ಲಿ ಒಂದೊಂದು ಕಪ್ಪು ಗೆರೆ. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತಲೇ ಜಾಸ್ತಿ ಇದ್ದವು.

ಬಾರ್ ಚಾರ್ಟ್ ಮಾಡಿದರೆ ಅಳತೆ 0ಯಿಂದಲೇ ಶುರುವಾಗಲಿ. 90ರಿಂದ ಶುರುವಾದರೆ 100ರ ಕಂಬ 95ರ ಕಂಬಕ್ಕಿಂತ ಎರಡು ಪಟ್ಟು ಎತ್ತರ ಕಾಣುತ್ತದೆ. ಪೈ ಚಾರ್ಟ್ ನಾನಂತೂ ಬಳಸುವುದಿಲ್ಲ. ಹತ್ತಿರ ಹತ್ತಿರದ ಹೋಳುಗಳಲ್ಲಿ ಯಾವುದು ದೊಡ್ಡದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಶೀಟ್ಸ್ ಬರದಿದ್ದರೆ ಚೌಕುಳಿ ಪುಸ್ತಕದ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.