ಒಂದು ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆ ತೆಗೆಯೋದು ಹೇಗೆ: ಉಡುಪಿ-ಚಿಕ್ಕಮಗಳೂರು ಇಟ್ಟುಕೊಂಡು ನೋಡೋಣ

ಇಂದಿರಾ ಗಾಂಧಿ ಉಡುಪಿ-ಚಿಕ್ಕಮಗಳೂರಿನಿಂದ ಗೆದ್ದಿದ್ದರು ಅಂತ ಚುನಾವಣೆ ಬಂದಾಗಲೆಲ್ಲ ಯಾರಾದರೂ ಬರೆದೇ ಬರೆಯುತ್ತಾರೆ. ತಪ್ಪು. 1978ರಲ್ಲಿ ಆ ಹೆಸರಿನ ಕ್ಷೇತ್ರವೇ ಇರಲಿಲ್ಲ. ಅವರು ಗೆದ್ದದ್ದು ಚಿಕ್ಕಮಗಳೂರು ಕ್ಷೇತ್ರದಲ್ಲಿ. ಉಡುಪಿ ಆಗ ಬೇರೆಯೇ ಕ್ಷೇತ್ರ, ಅಲ್ಲಿನ ಸಂಸದರು ಟಿ.ಎ. ಪೈ. ಇವತ್ತಿನ ಉಡುಪಿ-ಚಿಕ್ಕಮಗಳೂರು ಹುಟ್ಟಿದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ, ಅಂದ್ರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸಿದಾಗ; ಅದರ ಮೊದಲ ಚುನಾವಣೆ ನಡೆದದ್ದು 2009ರಲ್ಲಿ.

ಹಾಗಾಗಿ ಯಾವುದೇ ಕ್ಷೇತ್ರದ ಚರಿತ್ರೆ ತೆಗೆಯಲು ಕೂತಾಗ ಗೆದ್ದವರ ಪಟ್ಟಿಗೆ ಕೈ ಹಾಕಬೇಡಿ. ಮೊದಲು ಗಡಿ ನೋಡಿ.

ಪುನರ್ವಿಂಗಡಣಾ ಆಯೋಗದ ಆದೇಶದಲ್ಲಿ ಯಾವ ಲೋಕಸಭಾ ಕ್ಷೇತ್ರಕ್ಕೆ ಯಾವ ಯಾವ ವಿಧಾನಸಭಾ ಕ್ಷೇತ್ರ ಸೇರುತ್ತದೆ ಅನ್ನುವ ಪಟ್ಟಿ ಇರುತ್ತದೆ. ಅದನ್ನು ಇಳಿಸಿಕೊಳ್ಳಿ. ಉಡುಪಿ-ಚಿಕ್ಕಮಗಳೂರಿನಲ್ಲಿ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಹೀಗೆ 8 ಇವೆ. ಉಡುಪಿ ಜಿಲ್ಲೆಯ ಬೈಂದೂರು ಇದರಲ್ಲಿಲ್ಲ, ಅದು ಶಿವಮೊಗ್ಗಕ್ಕೆ ಹೋಗಿದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಹಾಸನಕ್ಕೆ. ಅಂದ್ರೆ ಎರಡು ಹಳೇ ಕ್ಷೇತ್ರಗಳನ್ನು ಹಾಗೇ ಕೂಡಿಸಿದ್ದೂ ಅಲ್ಲ, ಎರಡು ಜಿಲ್ಲೆಗಳನ್ನು ಪೂರ್ತಿ ಸೇರಿಸಿದ್ದೂ ಅಲ್ಲ. ಅದಕ್ಕೇ ಇಂಥ ಕ್ಷೇತ್ರಕ್ಕೆ ಒಂದೇ ಉದ್ದನೆಯ ಪಟ್ಟಿ ಮಾಡಬಾರದು. 2004ರವರೆಗೆ ಎರಡು ಪಟ್ಟಿ, 2009ರಿಂದ ಮೂರನೆಯದು.

ಇನ್ನೂ ಹಿಂದಕ್ಕೆ ಹೋದರೆ ರಾಜ್ಯವೇ ಬದಲಾಗುತ್ತದೆ. 1952ರಲ್ಲಿ ಉಡುಪಿ ಕಡೆಯ ಜನ ಮತ ಹಾಕಿದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ (ಉತ್ತರ) ಕ್ಷೇತ್ರಕ್ಕೆ, ಗೆದ್ದವರು ಯು. ಶ್ರೀನಿವಾಸ ಮಲ್ಯ. ಅದೇ ವರ್ಷ ಘಟ್ಟದ ಮೇಲೆ ಹಾಸನ-ಚಿಕ್ಕಮಗಳೂರು ಅನ್ನುವ ಕ್ಷೇತ್ರವಿತ್ತು, ಅದು ಮೈಸೂರು ರಾಜ್ಯದ್ದು. ಕರ್ನಾಟಕದ ಪುಟಗಳಲ್ಲಿ ಮಾತ್ರ ಹುಡುಕಿದರೆ ಮಲ್ಯರ ಆ ಗೆಲುವು ಸಿಗುವುದೇ ಇಲ್ಲ. ಹಳೇ ವರದಿಗಳಲ್ಲಿ ಊರಿನ ಹೆಸರನ್ನೂ ಬೇರೆ ಬೇರೆ ಥರ ಬರೆದಿರುತ್ತಾರೆ, ಉಡುಪಿಗೆ ಉಡಿಪಿ ಅಂತಲೂ ಇರುತ್ತದೆ. ಹುಡುಕುವಾಗ ಎರಡನ್ನೂ ಹಾಕಿ ನೋಡಿ.

ಗಡಿ ಗೊತ್ತಾಯಿತಾ? ಈಗ ಅಂಕಿ. ಚುನಾವಣಾ ಆಯೋಗ 1951-52ರಿಂದ ಪ್ರತಿ ಲೋಕಸಭಾ ಚುನಾವಣೆಗೂ ಸ್ಟ್ಯಾಟಿಸ್ಟಿಕಲ್ ರಿಪೋರ್ಟ್ ಕೊಟ್ಟಿದೆ. ಪ್ರತಿ ಅಭ್ಯರ್ಥಿಯ ಮತ, ಒಟ್ಟು ಮತದಾರರು, ಮತದಾನದ ಪ್ರಮಾಣ ಎಲ್ಲ ಅದರಲ್ಲಿ ಸಿಗುತ್ತದೆ. ಎಕ್ಸೆಲ್‌ನಲ್ಲಿ ವರ್ಷ, ಗೆದ್ದವರು, ಪಕ್ಷ, ಎರಡನೇ ಸ್ಥಾನ, ಅಂತರ, ಚಲಾವಣೆಯಾದ ಮತ ಅಂತ ಕಾಲಂ ಮಾಡಿಕೊಳ್ಳಿ. ಕೊನೆಯಲ್ಲಿ ಷರಾ (ಟಿಪ್ಪಣಿ) ಅಂತ ಒಂದು ಅಗಲವಾದ ಕಾಲಂ ಬಿಡಿ. ನನ್ನ ಪ್ರಕಾರ ನಿಜವಾದ ಚರಿತ್ರೆ ಇರೋದು ಅಲ್ಲೇ.

ಈ ರಿಪೋರ್ಟುಗಳನ್ನು ನೋಡುವಾಗ ಜಾಸ್ತಿ ಜನ ಎಡವುವ ಜಾಗ ಒಂದಿದೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಚಿಕ್ಕಮಗಳೂರಿಗೆ 1977 ಆದಮೇಲೆ ನೇರ 1980 ನೋಡಿದರೆ ಡಿ.ಬಿ. ಚಂದ್ರೇಗೌಡರಾದ ಮೇಲೆ ಡಿ.ಎಂ. ಪುಟ್ಟೇಗೌಡರು ಬಂದಂತೆ ಕಾಣುತ್ತದೆ. ಮಧ್ಯೆ ಇಡೀ ದೇಶ ನೋಡಿದ ಚುನಾವಣೆಯೇ ಮಾಯ! ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು, ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. ಇದೆಲ್ಲ ಬೇಕಾದರೆ ಉಪಚುನಾವಣೆಗಳ ಪಟ್ಟಿಯನ್ನು ಬೇರೆಯಾಗಿಯೇ ತೆಗೆದು ನೋಡಬೇಕು. 2012ರದ್ದೂ ಇದೇ ಕತೆ. 2009ರಲ್ಲಿ ಗೆದ್ದ ಡಿ.ವಿ. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾಗಿ ಲೋಕಸಭೆ ಬಿಟ್ಟರು, 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಜಯಪ್ರಕಾಶ್ ಹೆಗ್ಡೆ ಗೆದ್ದರು. ಇದನ್ನು ಬಿಟ್ಟರೆ 2009ರಿಂದ ಇವತ್ತಿನವರೆಗೂ ಬಿಜೆಪಿ ಒಮ್ಮೆಯೂ ಸೋತಿಲ್ಲ ಅನ್ನುವ ಸುಳ್ಳು ಚಿತ್ರ ಬರುತ್ತದೆ.

ಪಕ್ಷದ ಕಾಲಂ ಇನ್ನೊಂದು ತಲೆನೋವು. 1977ರ ವರದಿಯಲ್ಲಿ ಜನತಾ ಪಕ್ಷ ಹುಡುಕಿದರೆ ಸಿಗುವುದಿಲ್ಲ, ಯಾಕಂದ್ರೆ ಅವರು ನಿಂತದ್ದು ಭಾರತೀಯ ಲೋಕದಳದ ಚಿಹ್ನೆಯಲ್ಲಿ, ವರದಿಯಲ್ಲೂ ಬಿಎಲ್‌ಡಿ ಅಂತಲೇ ಇದೆ. 1980ರಲ್ಲಿ ಎರಡು ಕಾಂಗ್ರೆಸ್ ಇರುತ್ತವೆ, ಒಂದು ಇಂದಿರಾ ಅವರದು, ಇನ್ನೊಂದು ಅರಸು ಕಾಂಗ್ರೆಸ್. ಸುಮ್ನೆ ಕಾಂಗ್ರೆಸ್ ಅಂತ ಬರೆದು ಮುಂದೆ ಹೋಗಬೇಡಿ.

ಮೈತ್ರಿಯನ್ನಂತೂ ಷರಾದಲ್ಲಿ ಬರೆಯಲೇಬೇಕು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಸೀಟು ಹಂಚಿಕೆಯಲ್ಲಿ ಈ ಕ್ಷೇತ್ರ ಜೆಡಿಎಸ್ ಪಾಲಿಗೆ ಬಂತು, ಕಾಂಗ್ರೆಸ್ಸಿನಲ್ಲಿದ್ದ ಪ್ರಮೋದ್ ಮಧ್ವರಾಜ್ ಜೆಡಿಎಸ್ ಟಿಕೆಟ್‌ನಲ್ಲಿ ನಿಂತರು. ಅಂಕಿ ಮಾತ್ರ ನೋಡಿದವನಿಗೆ ಕಾಂಗ್ರೆಸ್ ಸೊನ್ನೆಗೆ ಇಳಿದು ಜೆಡಿಎಸ್ ದಿಢೀರ್ ಬೆಳೆದಂತೆ ಕಾಣುತ್ತದೆ, ಅಲ್ವಾ? ಮತ ಹಾಕಿದವರು ಬಹುಪಾಲು ಅದೇ ಜನ. ಮನೆತನದ ಹೆಸರು ನೋಡಿ ಪಕ್ಷ ಊಹಿಸುವುದೂ ಬೇಡ. ಪ್ರಮೋದ್ ಅವರ ತಾಯಿ ಮನೋರಮಾ ಮಧ್ವರಾಜ್ 2004ರಲ್ಲಿ ಉಡುಪಿಯಿಂದ ಗೆದ್ದದ್ದು ಬಿಜೆಪಿಯಿಂದ. ಜಯಪ್ರಕಾಶ್ ಹೆಗ್ಡೆಯವರು ನಡುವೆ ಬಿಜೆಪಿಗೂ ಹೋಗಿ 2024ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ನಿಂತು ಕೋಟ ಶ್ರೀನಿವಾಸ ಪೂಜಾರಿ ಎದುರು ಸೋತರು.

ಅಂತರವನ್ನು ಓದುವಾಗ ಬರೀ ಸಂಖ್ಯೆ ಹೋಲಿಸಬೇಡಿ, ಶೇಕಡಾವಾರು ತೆಗೆಯಿರಿ. 1989ರ ಚುನಾವಣೆಯ ಹೊತ್ತಿಗೆ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು, ಮತದಾರರ ಸಂಖ್ಯೆ ಒಮ್ಮೆಗೇ ಏರಿತು. 1957ರ ಕೋಲಾರದಂಥ ದ್ವಿಸದಸ್ಯ ಕ್ಷೇತ್ರ (ಒಂದೇ ಕ್ಷೇತ್ರದಿಂದ ಇಬ್ಬರು ಸಂಸದರು) ನಿಮ್ಮ ಪಟ್ಟಿಯಲ್ಲಿದ್ದರೆ ಒಬ್ಬ ಮತದಾರನಿಗೆ ಎರಡು ಮತ ಇತ್ತು ಅನ್ನೋದು ನೆನಪಿರಲಿ, ಇಲ್ಲವಾದರೆ ಲೆಕ್ಕವೇ ಕೂಡುವುದಿಲ್ಲ.

ಈ ಎಚ್ಚರಿಕೆ ಇಟ್ಟುಕೊಂಡರೆ ಪಟ್ಟಿ ಮಾತಾಡಲು ಶುರು ಮಾಡುತ್ತದೆ. ಆಸ್ಕರ್ ಫರ್ನಾಂಡಿಸ್ 1980ರಿಂದ 1996ರವರೆಗೆ ಉಡುಪಿಯಲ್ಲಿ ಸತತ 5 ಸಲ ಗೆದ್ದು 1998ರಲ್ಲಿ ಬಿಜೆಪಿಯ ಐ.ಎಂ. ಜಯರಾಮ ಶೆಟ್ಟಿಗೆ ಸೋತರು. ಅದೇ ವರ್ಷ ಘಟ್ಟದ ಮೇಲೂ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಗೆದ್ದರು. ಆದರೆ 1999ರಲ್ಲಿ ಉಡುಪಿ ವಿನಯಕುಮಾರ್ ಸೊರಕೆ ಮೂಲಕ ಕಾಂಗ್ರೆಸ್‌ಗೆ ವಾಪಸ್ ಬಂತು, ಚಿಕ್ಕಮಗಳೂರು ಬರಲಿಲ್ಲ. ಕರಾವಳಿ ಮೊದಲು ಕೇಸರಿಯಾಯಿತು, ಮಲೆನಾಡು ಹಿಂದೆ ಬಂತು ಅನ್ನುವವರಿಗೆ ಈ ಎರಡು ಸಾಲು ತೋರಿಸಿ. ಎರಡು ಪಟ್ಟಿ ಬೇರೆ ಬೇರೆ ಇಟ್ಟುಕೊಂಡರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಇನ್ನೂ ಆಳಕ್ಕೆ ಇಳಿಯಬೇಕು ಅಂದರೆ ಫಾರ್ಮ್ 20 ಇದೆ, ಮತಗಟ್ಟೆವಾರು ಲೆಕ್ಕ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಇತ್ತೀಚಿನ ಚುನಾವಣೆಗಳದ್ದು ಸಿಗುತ್ತದೆ. 8 ವಿಧಾನಸಭಾ ಕ್ಷೇತ್ರಗಳ ಮತ ಕೂಡಿಸಿದರೂ ಒಟ್ಟು ಮೊತ್ತಕ್ಕೆ ಸ್ವಲ್ಪ ಕಮ್ಮಿ ಬಂದರೆ ಗಾಬರಿ ಬೇಡ, ಅಂಚೆ ಮತ ಬೇರೆ ಇರುತ್ತದೆ. ಸಿಕ್ಕ ಪಿಡಿಎಫ್‌ಗಳನ್ನು ಆಗಲೇ ಇಳಿಸಿ ಇಟ್ಟುಕೊಳ್ಳಿ, ಲಿಂಕ್ ಮಾತ್ರ ಉಳಿಸಿಕೊಂಡರೆ ಸಾಲದು. ಆಯೋಗದ ಸೈಟ್ ವಿಳಾಸ ಒಮ್ಮೆ ಬದಲಾಗಿದೆ, ಹಳೇ ಲಿಂಕುಗಳು ಎಷ್ಟೋ ಕಡೆ ತೆರೆಯುವುದೇ ಇಲ್ಲ.