ಕೈ ಕಟ್ಟುವ ಮೊದಲು ಹದಿನೈದು ದಿನ

ಕಲಬುರಗಿಯ ನಮ್ಮ ವಸತಿ ಕೇಂದ್ರಕ್ಕೆ ಅವನು ಬಂದಾಗ ವಯಸ್ಸು 34ರ ಆಸುಪಾಸು. ಬುದ್ಧಿಮಾಂದ್ಯತೆ ತೀವ್ರ, ಆಡುವ ಮಾತು ನಾಲ್ಕೈದು. ಮೂರನೇ ದಿನವೇ ಗೋಡೆಗೆ ತಲೆ ಜಜ್ಜಿಕೊಳ್ಳತೊಡಗಿದ, ಎಡಗೆನ್ನೆಗೆ ರಪರಪ ಹೊಡೆದುಕೊಳ್ಳುತ್ತಿದ್ದ. ಮಣಿಕಟ್ಟಿನಲ್ಲಿ ಹಳೇ ಹಗ್ಗದ ಕಲೆ ಇತ್ತು. ರಾತ್ರಿ ಪಾಳಿಯ ಕಾಕಾ ಪಂಚೆ ಹಿಡಿದೇ ನಿಂತಿದ್ದರು: "ಅಕ್ಕೋರೆ, ಇಂಥಾವ್ರಿಗಿ ಭಾಳ ನೋಡೀನ್ರಿ. ಕಟ್ಟಲಿಲ್ಲಂದ್ರ ತಲಿ ಒಡ್ಕೋತಾನ್ರಿ."

ಕಟ್ಟದೇ ಕಾರಣ ಹುಡುಕಲು ನಾನು 15 ದಿನ ಕೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆ ಎನ್ನುವುದಿಲ್ಲ. ಆದರೂ ಅದರ 97ನೇ ಕಲಮನ್ನೇ ಅಳತೆಗೋಲು ಮಾಡಿಕೊಂಡೆ: ಆ ಗಳಿಗೆಯ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ ಕಟ್ಟಬಹುದು, ಶಿಕ್ಷೆಗಂತೂ ಕೂಡದು. ಮಂಪರಿನ ಮಾತ್ರೆ ಏರಿಸುವುದನ್ನೂ ನಾನು ಕಟ್ಟುವ ಲೆಕ್ಕಕ್ಕೇ ಹಿಡಿಯುತ್ತೇನೆ.

ಮೊದಲ ವಾರ ಪೂರ್ತಿ ಹಾಳಾಯಿತು. ಎಬಿಸಿ ಚಾರ್ಟು ಕೊಟ್ಟಿದ್ದೆ: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು ಎಂದು ಪ್ರತಿ ಸಲ ಬರೆಯುವ ಹಾಳೆ. ಆಯಾಗಳು ಪಾಳಿ ಮುಗಿಯುವಾಗ ನೆನಪಿನ ಮೇಲೆ ಬರೆಯುತ್ತಿದ್ದರು, ಎಲ್ಲ ಸಾಲಿನಲ್ಲೂ "ಸಿಟ್ಟು ಬಂತು". ಅದನ್ನು ಬಿಟ್ಟು 40 ರೂಪಾಯಿಯ ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಮನೆ ಎಳೆದೆ. ಹೊಡೆದುಕೊಂಡರೆ ಒಂದು ಗೀಟು, ಬರೆಯುವ ಕೆಲಸವೇ ಇಲ್ಲ. ಗೋಡೆಗೆ ಹಳೇ ಗಾದಿ ಕಟ್ಟಿಸಿದೆ, ರಾತ್ರಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿದೆ. ಆ ಪಗಾರವೇ 5 ಸಾವಿರದ ಹತ್ತಿರ ಬಂತು, ಅರ್ಧ ನನ್ನ ಕೈಯಿಂದ ಹೋಯಿತು. ಕಮಿಟಿಯವರು ಮುಖ ಕೊಟ್ಟು ಮಾತಾಡಲಿಲ್ಲ.

ನಡುವೆ ಕೂಲರಿನ ಸದ್ದು ಕಾರಣವಿರಬಹುದೆಂದು ಎರಡು ದಿನ ಬಂದ್ ಇಟ್ಟೆ. ಮೇ ತಿಂಗಳ ನಮ್ಮೂರ ಬಿಸಿಲು ಗೊತ್ತಲ್ಲ, ಇಡೀ ಕೋಣೆಗೆ ನಿದ್ದೆ ಇಲ್ಲ. ಗೀಟು ಒಂದೂ ಕಡಿಮೆಯಾಗಲಿಲ್ಲ.

ಹನ್ನೊಂದನೇ ದಿನ ನೋಟ್‌ಬುಕ್ ದೂರ ಹಿಡಿದು ನೋಡಿದೆ. ಮಧ್ಯಾಹ್ನ 1ರ ಸುತ್ತ, ರಾತ್ರಿ 8ರ ಸುತ್ತ ಗೀಟು ಒತ್ತೊತ್ತಾಗಿದ್ದವು. ಭಾನುವಾರ ಮಾತ್ರ ಹೆಚ್ಚುಕಡಿಮೆ ಖಾಲಿ. ಭಾನುವಾರ ರೊಟ್ಟಿ ಬಡಿಯುವಾಕೆಗೆ ರಜೆ, ಬರೀ ಅನ್ನ ಸಾರು! ಮರುದಿನ ಊಟದಲ್ಲಿ ಎದುರೇ ಕೂತೆ. ಖಡಕ್ ರೊಟ್ಟಿಯ ಚೂರನ್ನು ಬಲಕ್ಕೆ ಸರಿಸಿ ಸರಿಸಿ ಅಗಿಯುತ್ತಿದ್ದ. ಒಂದು ಸಲ ಎಡಕ್ಕೆ ಜಾರಿತು, ಕೈ ಸೀದಾ ಕೆನ್ನೆಗೆ ಹೋಯಿತು.

ಅವನ ಬಾಯಿ ತೆರೆಸಿದ್ದು ಹೇಗೆ ಎಂಬುದನ್ನು ಬರೆಯುವುದಿಲ್ಲ, ಓದಿ ಮಾಡಲು ಹೋದರೆ ಬೆರಳು ಕಚ್ಚಿಸಿಕೊಳ್ಳುತ್ತೀರಿ. ಬಂದು ನೋಡಿ ಕಲಿಯಿರಿ. ಎಡ ಕೆಳದವಡೆಯ ಕೊನೇ ಹಲ್ಲು ಬುಡದವರೆಗೆ ಹುಳುಕು, ವಸಡಿನಲ್ಲಿ ಕೀವು. ಮೊದಲ ದಂತವೈದ್ಯರು ಮುಟ್ಟಲೇ ಇಲ್ಲ. ಎರಡನೆಯವರು ಅರಿವಳಿಕೆ ಕೊಟ್ಟು ಎರಡು ಹಲ್ಲು ಕಿತ್ತರು. ಓಡಾಟ ಸೇರಿ 9 ಸಾವಿರದಷ್ಟಾಯಿತು. ದಿನಕ್ಕೆ 20–25 ಇದ್ದ ಗೀಟು ತಿಂಗಳೊಳಗೆ ವಾರಕ್ಕೆ ಎರಡೋ ಮೂರೋ ಆದವು. ಒಂದು ದಿನವೂ ಕಟ್ಟಲಿಲ್ಲ. ನನ್ನ ಹದಿನಾರು ವರ್ಷದ ಕೆಲಸದಲ್ಲಿ ಇದರಷ್ಟು ಹೆಮ್ಮೆ ಬೇರೆಯದಿಲ್ಲ.

ಈಗ ಹೊಸಬರು ಯಾರು ಬಂದರೂ ಕಿವಿ, ಹಲ್ಲು, ಮಲಬದ್ಧತೆ, ಫಿಟ್ಸ್ ಮೊದಲು ನೋಡಿಸುತ್ತೇನೆ. ಗೀಟಿನ ಪುಸ್ತಕ ಆಮೇಲೆ. ಸದ್ಯ ಮುಂಗೈ ಕಚ್ಚಿಕೊಳ್ಳುವ ಹೆಣ್ಣುಮಗಳೊಬ್ಬಳ ಪುಸ್ತಕ ನಡೆದಿದೆ. ಒಂಬತ್ತು ದಿನವಾಯಿತು, ಗೀಟು ಎಲ್ಲ ಕಡೆ ಚದುರಿವೆ. ಪಂಚೆ ಹಿಡಿದು ನಿಂತಿದ್ದ ಕಾಕಾನೇ ರಾತ್ರಿಯ ಮನೆ ತುಂಬುತ್ತಿದ್ದಾರೆ.