ದೊಡ್ಡ ಕಂಪನಿ ಮುಳುಗುವ ಮೊದಲೇ ಗುರುತಿಸುವುದು ಹೇಗೆ?

ನಿಮ್ಮದು ಎರಡು ಟಿಪ್ಪರ್ ಇವೆ, ಇಲ್ಲವೇ ಸೆಂಟ್ರಿಂಗ್ ಕೆಲಸದ ಸಣ್ಣ ತಂಡ ಇದೆ ಅಂದುಕೊಳ್ಳಿ. ದೊಡ್ಡ ಕಂಪನಿಯೊಂದು ಕೆಲಸಕ್ಕೆ ಕರೆದರೆ ಖುಷಿಯಾಗುತ್ತದೆ. ಅಷ್ಟು ದೊಡ್ಡವರು, ನಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನುವ ಧೈರ್ಯ ಬೇರೆ.

ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ ಬಗ್ಗೆಯೂ ಜನ ಹೀಗೇ ನಂಬಿದ್ದರು. ಆಸ್ಪತ್ರೆ ಕಟ್ಟುತ್ತಿತ್ತು, ರಸ್ತೆ ಮಾಡುತ್ತಿತ್ತು, ಶಾಲೆಗಳಿಗೆ ಊಟ ಕೊಡುತ್ತಿತ್ತು. ಸುಮಾರು 43,000 ಜನ ಕೆಲಸಕ್ಕಿದ್ದರು. 2018ರ ಜನವರಿ 15ರಂದು ದಿವಾಳಿಯಾಯಿತು. ಆಗ ತೀರಿಸಬೇಕಿದ್ದದ್ದು ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದದ್ದು ಬರೀ 2.9 ಕೋಟಿ. ಸಾಮಾನು ಹಾಕಿದವರು, ಸಬ್ ಕಾಂಟ್ರಾಕ್ಟರ್‌ಗಳು ಅಂತ ಸುಮಾರು 30,000 ಮಂದಿ ತಮ್ಮ ಬಾಕಿಗೆ ಕಾದು ಕೂತಿದ್ದರು. ಇದು ಒಂದೇ ದಿನದಲ್ಲಿ ಆದದ್ದಲ್ಲ. ಲಕ್ಷಣಗಳು ಮೊದಲೇ ಇದ್ದವು.

ಹಂತ 1: ಲಾಭ ಬಿಡಿ, ನಗದು ನೋಡಿ

ಕಟ್ಟಡದ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಹಾಗಾಗಿ ಲಾಭವನ್ನು ಕೊನೆಯಲ್ಲಿ ಎಣಿಸುವುದಿಲ್ಲ, ನಡುವೆಯೇ ಅಂದಾಜಿನಲ್ಲಿ ಬರೆದುಕೊಳ್ಳುತ್ತಾರೆ. ಅರ್ಧ ಕೆಲಸ ಮುಗಿದಿದೆ, ಅರ್ಧ ಲಾಭ ಬಂತು ಅಂತ. ಆ ಅಂದಾಜೇ ತಪ್ಪಿದ್ದರೆ? ಕ್ಯಾರಿಲಿಯನ್ ಲಿವರ್‌ಪೂಲ್‌ನಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾಗ ಕಾಂಕ್ರೀಟ್ ಬೀಮ್‌ಗಳಲ್ಲಿ ಬಿರುಕು ಕಾಣಿಸಿತು. ರೇಟು ಮೊದಲೇ ನಿಗದಿಯಾಗಿತ್ತು, ಖರ್ಚು ಮಾತ್ರ ಏರುತ್ತಲೇ ಹೋಯಿತು. 2017ರಲ್ಲಿ ಮುಗಿಯಬೇಕಿದ್ದ ಆಸ್ಪತ್ರೆಗೆ ರೋಗಿಗಳು ಬಂದದ್ದು 2022ರಲ್ಲಿ. ಅಷ್ಟರಲ್ಲಿ ಕಂಪನಿಯೇ ಇರಲಿಲ್ಲ.

2016ರ ಲೆಕ್ಕದಲ್ಲಿ ಲಾಭ ತೋರಿಸಿ, ಷೇರುದಾರರಿಗೆ 7.9 ಕೋಟಿ ಪೌಂಡ್ ಡಿವಿಡೆಂಡ್ ಹಂಚಿದ್ದ ಕಂಪನಿ ಅದು. 2017ರ ಜುಲೈನಲ್ಲಿ ಅದೇ ಕಂಪನಿ, ನಮ್ಮ ಗುತ್ತಿಗೆಗಳ ಬೆಲೆಯಲ್ಲಿ 84.5 ಕೋಟಿ ಪೌಂಡ್ ಕಡಿಮೆ ಮಾಡಬೇಕಾಗಿದೆ ಎಂದು ಒಪ್ಪಿಕೊಂಡಿತು. ಅದಕ್ಕೇ ಹೇಳುವುದು, ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿ ತೆರೆದು ನಗದು ಹರಿವಿನ (ಕ್ಯಾಶ್ ಫ್ಲೋ) ಪುಟ ನೋಡಿ. ವರ್ಷ ವರ್ಷ ಲಾಭ ಏರುತ್ತಿದೆ, ವ್ಯವಹಾರದಿಂದ ಬರುವ ನಗದು ಮಾತ್ರ ಇಳಿಯುತ್ತಿದೆ ಎಂದರೆ ಹುಷಾರಾಗಿ.

ಹಂತ 2: ಹೊಸ ಕೆಲಸ ಯಾಕೆ ಹಿಡಿಯುತ್ತಿದ್ದಾರೆ ಎಂದು ಕೇಳಿ

ಈ ಧಂದೆಯಲ್ಲಿ ನೂರು ರೂಪಾಯಿ ಕೆಲಸಕ್ಕೆ ಮೂರೋ ನಾಲ್ಕೋ ರೂಪಾಯಿ ಉಳಿದರೆ ಹೆಚ್ಚು. ಒಂದು ಕೆಲಸ ಕೈಕೊಟ್ಟರೆ ಹತ್ತು ಕೆಲಸದ ಲಾಭ ನುಂಗಿಬಿಡುತ್ತದೆ. ಆಗ ಕಂಪನಿ ಮಾಡುವುದೇನು? ಕಡಿಮೆ ರೇಟಿಗೆ ಇನ್ನೊಂದು ಟೆಂಡರ್ ಹಿಡಿಯುತ್ತದೆ, ಕೆಲಸ ಶುರು ಮಾಡಲೆಂದು ಕೊಡುವ ಮುಂಗಡ, ಅಂದರೆ ಅದರ ಮೊಬಿಲೈಸೇಷನ್ ಅಡ್ವಾನ್ಸ್ ತಂದು ಹಳೆಯ ಕೆಲಸದ ಬಾಕಿ ತೀರಿಸುತ್ತದೆ. ಆ ಹೊಸ ಕೆಲಸಕ್ಕೆ ಮುಂದೆ ದುಡ್ಡು ಬೇಕಾದಾಗ ಮತ್ತೊಂದು ಟೆಂಡರ್. ಹೊರಗಿನಿಂದ ನೋಡಿದರೆ ಕಂಪನಿ ಬೆಳೆಯುತ್ತಿದೆ ಅನಿಸುತ್ತದೆ. ಹೊಸ ಟೆಂಡರ್ ಒಂದು ತಡವಾದರೆ ಸಾಕು, ಎಲ್ಲ ನಿಲ್ಲುತ್ತದೆ.

ಹಂತ 3: ದಿನ ಎಣಿಸಿ

ಇದೇ ಎಲ್ಲಕ್ಕಿಂತ ಮುಖ್ಯ, ಇದಕ್ಕೆ ವಾರ್ಷಿಕ ವರದಿಯೂ ಬೇಡ. ಪರಿಚಯದ ಟಿಪ್ಪರ್ ಮಾಲೀಕರೊಬ್ಬರು ಒಂದು ಸಲ ತಮ್ಮ ಸಣ್ಣ ನೋಟ್‌ಬುಕ್ ತೋರಿಸಿದರು. ಎಡಗಡೆ ಬಿಲ್ ಕೊಟ್ಟ ದಿನ, ಬಲಗಡೆ ದುಡ್ಡು ಬಂದ ದಿನ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ನಡುವಿನ ದಿನಗಳು. 38. 52. 71. 95. ಆ 95ರ ಮುಂದೆ ಸಾಲು ಖಾಲಿ. ಡೀಸೆಲ್ ಅವರ ಕೈಯಿಂದ, ಡ್ರೈವರ್ ಸಂಬಳ ಅವರ ಕೈಯಿಂದ, ಗಾಡಿಯ ಇಎಂಐ ಕೂಡ. ಅಂದರೆ ಬ್ಯಾಂಕು ಕೊಡದ ಸಾಲವನ್ನು ಆ ಕಂಪನಿಗೆ ಇವರು ಕೊಡುತ್ತಿದ್ದರು, ಬಡ್ಡಿಯೇ ಇಲ್ಲದೆ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ಕ್ಯಾರಿಲಿಯನ್ ಇಟ್ಟುಕೊಂಡಿದ್ದ ಗಡುವು 120 ದಿನ. ಬೇಗ ಬೇಕಿದ್ದರೆ ಬ್ಯಾಂಕಿನಿಂದ ಕೊಡಿಸುತ್ತಿತ್ತು, ಒಂದಿಷ್ಟು ಕಡಿತ ಮಾಡಿಕೊಂಡು.

ಹಂತ 4: ಸಾಗಣೆ ಕಂಪನಿಯಾದರೆ ಕೆಲಸಗಾರರನ್ನು ಕೇಳಿ

ಲಾರಿ ಕಂಪನಿ ಇನ್ನೂ ಬೇಗ ಬೀಳುತ್ತದೆ. ಕಟ್ಟಡ ಅರ್ಧಕ್ಕೆ ನಿಂತರೆ ಬೇರೆಯವರನ್ನು ಹುಡುಕುವುದು ಕಷ್ಟ, ಲೋಡ್ ಆದರೆ ನಾಳೆಯೇ ಬೇರೆ ಗಾಡಿಗೆ ಹಾಕಬಹುದು ಅಲ್ವಾ? ಅಮೆರಿಕದ ಯೆಲ್ಲೋ ಕಂಪನಿಗೆ ನೂರು ವರ್ಷ ತುಂಬುವುದಿತ್ತು. 2020ರಲ್ಲಿ ಸರ್ಕಾರದಿಂದಲೇ 70 ಕೋಟಿ ಡಾಲರ್ ಸಾಲ ಪಡೆದಿತ್ತು. 2023ರ ಜುಲೈನಲ್ಲಿ ನೌಕರರ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಕಟ್ಟಬೇಕಾದ ಹಣ ಕಟ್ಟಲಿಲ್ಲ. ಮುಷ್ಕರದ ಮಾತು ಬಂತು. ಮುಷ್ಕರ ತಪ್ಪಿತು, ಗಿರಾಕಿಗಳು ಮಾತ್ರ ಅಷ್ಟರಲ್ಲಿ ಖಾಲಿ. ಆ ತಿಂಗಳ ಕೊನೆಗೆ ಲಾರಿಗಳು ನಿಂತವು, ಸುಮಾರು 30,000 ಜನರ ಕೆಲಸ ಹೋಯಿತು. ನಮ್ಮಲ್ಲೂ ಅಷ್ಟೇ, ಕಂಪನಿಯ ಡ್ರೈವರ್ ಹತ್ತಿರ ಟೀ ಕುಡಿಯುತ್ತಾ ಪಿಎಫ್ ಪಾಸ್‌ಬುಕ್‌ನಲ್ಲಿ ಈ ತಿಂಗಳದ್ದು ಬಿದ್ದಿದೆಯಾ ಎಂದು ಕೇಳಿ.

ಹಂತ 5: ಕಾಗದ ಸರಿ ಮಾಡಿಕೊಳ್ಳಿ

ಕೆಲಸ ಶುರು ಮಾಡುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮದವರ ಸರ್ಕಾರಿ ನೋಂದಣಿ ಮಾಡಿಸಿ. ಕಿರು ಮತ್ತು ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವರ್ಕ್ ಆರ್ಡರ್ ಬರಹದಲ್ಲಿರಲಿ, ಅಳತೆಗೆ ಸೈಟ್ ಎಂಜಿನಿಯರ್ ಸಹಿ ಆ ದಿನವೇ ಆಗಲಿ. ಬಾಯಿಮಾತಿನ ಹೆಚ್ಚುವರಿ ಕೆಲಸ ಸುಮ್ನೆ ಮಾಡಬೇಡಿ.

ದಿವಾಳಿ ಆದಮೇಲೆ ನೋಡೋಣ ಅಂದರೆ ಆಗುವುದಿಲ್ಲ. 2020ರಿಂದ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಲು ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಕಂಪನಿಯ ಆಸ್ತಿ ಮಾರಿದಾಗಲೂ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು, ಆಮೇಲೆ ಅಡವಿಟ್ಟುಕೊಂಡ ಬ್ಯಾಂಕು, ಕೆಲಸಗಾರರ ಬಾಕಿ, ಹೀಗೆ ಸಾಲು ಹೋಗುತ್ತದೆ. ಜಲ್ಲಿ ಹೊಡೆದವರ ಸರದಿ ಬರುವಷ್ಟರಲ್ಲಿ ಉಳಿಯುವುದು ಅಪರೂಪ.

ಆದ್ದರಿಂದ ಮಿತಿಯನ್ನು ಮೊದಲ ದಿನವೇ ಬರೆದಿಡಿ. ಎರಡು ಬಿಲ್ ಬಾಕಿ ಇದ್ದರೆ ಮೂರನೆಯ ಲೋಡ್ ಇಲ್ಲ. ಮ್ಯಾನೇಜರ್ ಫೋನ್ ಮಾಡಿ, ಅಣ್ಣಾ ಇದೊಂದು ವಾರ ಅಂದರೂ ಟಿಪ್ಪರ್ ಮನೆ ಮುಂದೆಯೇ ನಿಲ್ಲಲಿ.